ದೊರೆಸಾನಿಯ ಹೊಟ್ಟೆಪಟ್ಟಿ

ಕುದುರೆ ನಮ್ಮ ಕಾಲ ಮೇಲೆ ಕಾಲಿಟ್ಟರೆ ಅದನ್ನು ತಳ್ಳಬಾರದು. ತಳ್ಳಿದಷ್ಟೂ ಅದು ನಮ್ಮ ಕಡೆಗೇ ವಾಲಿ ಇನ್ನಷ್ಟು ಭಾರ ಬಿಡುತ್ತದೆ. ಇದು ಗೊತ್ತಿದ್ದೂ ಅವಳು ಆ ಬೆಳಿಗ್ಗೆ ದೊರೆಸಾನಿಯ ಮೈಗೆ ಹೆಗಲು ಕೊಟ್ಟು ಒಂದೇ ಸಮ ತಳ್ಳುತ್ತಿದ್ದಳು, ದೊರೆಸಾನಿ ಒಂದೇ ಸಮ ಹುಲ್ಲು ಮೆಲ್ಲುತ್ತಿತ್ತು. ರಬ್ಬರ್ ಬೂಟಿನೊಳಗೆ ತನ್ನ ಕಿರುಬೆರಳು ಯಾವ ಮೂಲೆಯಲ್ಲಿದೆ ಎಂಬುದು ಅವಳಿಗೆ ಹುಟ್ಟಿದ ಮೇಲೆ ಇಷ್ಟು ಚೆನ್ನಾಗಿ ಯಾವತ್ತೂ ತಿಳಿದಿರಲಿಲ್ಲ. ಬೇರೆ ದಿನವಾಗಿದ್ದರೆ ಬಾಯಿಗೆ ಬಂದದ್ದು ಬೈದುಬಿಡುತ್ತಿದ್ದಳು. ಇವತ್ತು ತುಳಿ ತಾಯೀ, ತುಳಿ, ನಿನ್ನೆ ಮಾಡಿದ್ದಕ್ಕೆ ಇಷ್ಟಾದರೂ ಆಗಬೇಕು ಅಂದುಕೊಂಡು ತಳ್ಳುವುದನ್ನು ಬಿಟ್ಟಳು. ಬಿಟ್ಟದ್ದೇ ತಡ, ದೊರೆಸಾನಿ ಏನೂ ಆಗಿಲ್ಲವೆಂಬಂತೆ ಕಾಲೆತ್ತಿ ಆಚೆ ಇಟ್ಟಿತು. ಶಿಕ್ಷೆ ಅನುಭವಿಸೋಣ ಅಂದರೆ ಅದಕ್ಕೂ ಈ ಕುದುರೆ ಆಸ್ಪದ ಕೊಡುವುದಿಲ್ಲ.

ಮಾಡಿದ್ದಕ್ಕೆ ಅನ್ನುವುದೂ ಪೂರ್ತಿ ಸರಿಯಲ್ಲ. ಅವಳು ಏನೂ ಮಾಡಿರಲಿಲ್ಲ. ತಕರಾರು ಇರುವುದೇ ಅಲ್ಲಿ. ಜೀನು ಕಟ್ಟುವಾಗ ದೊರೆಸಾನಿ ಹೊಟ್ಟೆ ಉಬ್ಬಿಸಿಕೊಂಡು ಉಸಿರು ಬಿಗಿಹಿಡಿದು ನಿಲ್ಲುತ್ತದೆ. ನಾವು ಹಲ್ಲು ಕಚ್ಚಿ ಹೊಟ್ಟೆಪಟ್ಟಿ ಜಗ್ಗಿದರೂ ಬಿಗಿದದ್ದು ಬರೀ ಗಾಳಿಯನ್ನು. ಅದಕ್ಕೇ ಒಂದು ಸಲ ಬಿಗಿದ ಮೇಲೆ ನಾಲ್ಕು ಹೆಜ್ಜೆ ನಡೆಸಬೇಕು, ಅದು ಮೈಮರೆತು ಉಸಿರು ಬಿಟ್ಟ ಹೊತ್ತಿಗೆ ಪಟ್ಟಿಯಡಿ ಬೆರಳು ತೂರಿಸಿ ನೋಡಬೇಕು, ಇನ್ನೊಂದು ತೂತಿಗೆ ಏರಿಸಬೇಕು, ಆಮೇಲೆ ಹತ್ತಬೇಕು. ಇದು ಅತ್ತಿಗೆಗೂ ಗೊತ್ತು, ಅವಳಿಗೂ ಗೊತ್ತು. ನಿನ್ನೆ ಅತ್ತಿಗೆ ಲಾಯದವನ ಜತೆ ಅವನ ದವಡೆಹಲ್ಲಿನ ವಿಷಯ ಮಾತಾಡುತ್ತಾ ಮಾತಾಡುತ್ತಾ ಪಟ್ಟಿಯನ್ನು ಒಂದೇ ಸಲ ಬಿಗಿದರು. ಕಟ್ಟೆ ಹತ್ತಿ, ರಿಕಾಬಿಗೆ ಕಾಲು ಕೊಟ್ಟು, ಕೂತೇಬಿಟ್ಟರು. ಲಾಯದವನು ಕೆನ್ನೆ ಹಿಡಿದುಕೊಂಡು ಗೇಟಿನ ಕಡೆ ಹೋದ. ಅವಳು ಆಚೆ ಬದಿಯಲ್ಲಿ ನಿಂತು ಇನ್ನೊಂದು ರಿಕಾಬು ಹಿಡಿದುಕೊಂಡಿದ್ದಳು. ದೊರೆಸಾನಿ ಪುಸ್ಸೆಂದು ಉಸಿರು ಬಿಟ್ಟಿತು. ಪಟ್ಟಿಗೂ ಹೊಟ್ಟೆಗೂ ನಡುವೆ ಒಂದು ಸೀಳು ಬೆಳಕು ಕಂಡಿತು, ಅಂಗೈ ಸಲೀಸಾಗಿ ತೂರುವಷ್ಟು. ಅತ್ತಿಗೆ, ತಡೀರಿ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವಳ ಬಾಯಿ ತೆರೆದಿತ್ತು ಕೂಡ. ಅತ್ತಿಗೆ ಮೇಲಿನಿಂದ ಅವಳನ್ನೇ ನೋಡಿದರು, ಏನೋ ಕೇಳುವವರ ಹಾಗೆ. ಅವಳು ಬಗ್ಗಿ, ಕಡ್ಡಿಯೊಂದನ್ನು ಹೆಕ್ಕಿಕೊಂಡು, ತನ್ನ ಬೂಟಿನ ಮಣ್ಣು ಕೆರೆಯತೊಡಗಿದಳು. ಬೂಟಿನಲ್ಲಿ ಮಣ್ಣೇ ಇರಲಿಲ್ಲ.

ಲದ್ದಿ ಎತ್ತುವ ಕೆಲಸದಲ್ಲಿ ಒಂದು ನೆಮ್ಮದಿಯಿದೆ, ಕಣ್ಣೆದುರೇ ಮುಗಿಯುತ್ತದೆ. ಸಲಿಕೆಯಲ್ಲಿ ಎತ್ತಿ ಕೈಗಾಡಿಗೆ ಹಾಕಿ, ಒದ್ದೆ ಹುಲ್ಲು ಎಳೆದು, ಒಣಹುಲ್ಲು ಹರಡುವಷ್ಟರಲ್ಲಿ ಮನಸ್ಸು ಯಾವುದಾದರೂ ಒಂದು ಕಡೆ ಕೂತಿರುತ್ತಿತ್ತು. ಇವತ್ತು ಕೂರಲೊಲ್ಲದು. ಕೈಗಾಡಿಯ ಚಕ್ರ ಕಿರ್ರೆಂದರೂ ಮುರಿದ ಮೂಳೆಯೇ ನೆನಪಾಗುತ್ತಿತ್ತು. ಅತ್ತಿಗೆ ಬಿದ್ದದ್ದಾದರೂ ಹೇಗೆ. ಅಂಗಳದ ಮೊದಲ ತಿರುವಿನಲ್ಲಿ ದೊರೆಸಾನಿ ನಡಿಗೆ ಬಿಟ್ಟು ದುಲ್ಕಿ ಓಟ ಹಿಡಿದಾಗ ಜೀನು ನಿಧಾನವಾಗಿ ಪಕ್ಕಕ್ಕೆ ಜಾರಿತು. ಅತ್ತಿಗೆ ಬೆನ್ನು ನೆಟ್ಟಗಿಟ್ಟುಕೊಂಡು, ಹಿಮ್ಮಡಿ ಕೆಳಗಿಟ್ಟುಕೊಂಡು, ಕಲಿಸಿಕೊಟ್ಟದ್ದರಲ್ಲಿ ಒಂದನ್ನೂ ತಪ್ಪದೆ ಜೀನಿನ ಸಮೇತ ಓರೆಯಾದರು. ಇಳಿಯಬೇಕಾದ ನಿಲ್ದಾಣ ದಾಟಿ ಹೋದವರ ಹಾಗೆ ಅಯ್ಯೋ, ಇದೇನಿದು ಅಂದರು. ಆಮೇಲೆ ಕೈಯೂರಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾ ಎದ್ದು ಕೂತು ನಕ್ಕವರು, ಮಣಿಕಟ್ಟು ನೋಡಿಕೊಂಡು ನಗು ನಿಲ್ಲಿಸಿದರು. ಅಷ್ಟರಲ್ಲಿ ಹೊಟ್ಟೆಯಡಿಗೆ ಬಂದ ಜೀನಿಗೆ ಹೆದರಿ ದೊರೆಸಾನಿ ಒದೆಯುತ್ತಾ ಕುಪ್ಪಳಿಸುತ್ತಾ ಅಂಗಳ ಸುತ್ತಿತು. ಗೇಟಿನಿಂದ ಓಡಿಬಂದ ಲಾಯದವನ ಕಣ್ಣಿಗೆ ಬಿದ್ದದ್ದು ಅದೊಂದೇ. ಕುದುರೆ ಒದ್ದು ಕೆಡವಿತು ಅಂದ. ಅವಳು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ಅತ್ತಿಗೆ ಹಲ್ಲಿನ ಡಾಕ್ಟರು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ನೋಡುವವಳು. ದಿನವಿಡೀ ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸುತ್ತಾ ಈಗ ಚೆನ್ನಾಗಿ ಕಾಣ್ತಿದೆಯಾ, ಮೊದಲಿನದೇ ಚೆನ್ನಾಗಿತ್ತಾ ಎಂದು ಕೇಳುವುದೇ ಕೆಲಸ. ಅಣ್ಣ ಹೇಳುವುದುಂಟು: ಹೆಂಡತಿಗೆ ಹಲ್ಲು, ತಂಗಿಗೆ ಕಣ್ಣು, ನನ್ನ ಪಾಲಿಗೆ ಉಳಿದದ್ದು ಕಿವಿ, ಇಬ್ಬರ ದೂರೂ ಕೇಳೋಕೆ. ಅಣ್ಣನ ಮನೆಯ ಮಹಡಿ ಕೋಣೆ ಅವಳದು. ಊರ ಅಂಚಿನ ಸವಾರಿ ಶಾಲೆ ಮುಚ್ಚಿದಾಗ, ಯಾರೂ ಬೇಡವೆಂದಿದ್ದ ಈ ಹೆಣ್ಣುಕುದುರೆಯನ್ನು ಅತ್ತಿಗೆ-ನಾದಿನಿ ಇಬ್ಬರೂ ಸೇರಿ ಇಟ್ಟುಕೊಂಡಿದ್ದರು. ಮೊದಮೊದಲು ಇಬ್ಬರಿಗೂ ಸಮಪಾಲು. ಬರಬರುತ್ತಾ ಹೇಗೋ, ಬೆಳಿಗ್ಗೆ ಬೇಗ ಬಂದು ಲದ್ದಿ ಎತ್ತುವುದು, ಗೊರಸು ಕೆರೆಯುವುದು, ಮೈ ಉಜ್ಜುವುದು ಅವಳ ಪಾಲಿಗೆ ಬಂತು. ಅತ್ತಿಗೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದು ಸವಾರಿ ಮಾಡಿ ದವಾಖಾನೆಗೆ ಹೋಗುತ್ತಿದ್ದರು. ಅದಕ್ಕೂ ಅವಳು ಬೇಸರಪಟ್ಟವಳಲ್ಲ. ಆದರೆ ಅತ್ತಿಗೆ ಲಾಯದ ಬಾಗಿಲಿಗೆ ಬಂದರೆ ಸಾಕು, ದೊರೆಸಾನಿ ತಲೆಯೆತ್ತಿ, ಕಿವಿ ಮುಂದೆ ಮಾಡಿ, ಗಂಟಲೊಳಗೇ ಮೆಲ್ಲಗೆ ಕೆನೆಯುತ್ತಿತ್ತು. ಅಂಥ ಕೆನೆತ ಅವಳಿಗಾಗಿ ಒಂದು ದಿನವೂ ಬಂದದ್ದಿಲ್ಲ. ಅವಳು ಬಂದರೆ ಸೊಂಟ ತಿರುಗಿಸಿ ಬಾಲ ತೋರಿಸುತ್ತಿತ್ತು. ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಮೈಯನ್ನು ಅವಳೆದುರೇ ಕೆಸರಲ್ಲಿ ಹೊರಳಿಸುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಇವಳ ಕೆಲಸ. ಒಮ್ಮೆ ಅವಳ ಹೊಸ ಬಿಳಿ ಅಂಗಿಗೆ ಹಸಿರು ಜೊಲ್ಲು ಒರೆಸಿ, ಆ ಅಂಗಿಯಲ್ಲೇ ಅವಳು ಅಂಗಡಿಗೆ ಹೋಗಬೇಕಾಗಿ ಬಂದು, ಗಿರಾಕಿಯೊಬ್ಬರು ಅಕ್ಷರ ಓದುವುದು ಬಿಟ್ಟು ಆ ಕಲೆಯನ್ನೇ ನೋಡಿದ್ದರು. ಇಷ್ಟೆಲ್ಲ ಸಹಿಸಿದವಳಿಗೆ ಆ ಕೆನೆತ ಮಾತ್ರ ಸಹಿಸಲಾಗಲಿಲ್ಲ. ಹೇಳಿಕೊಂಡರೆ ನಗೆಪಾಟಲು. ನಲವತ್ತು ದಾಟಿದ ಹೆಂಗಸು ಕುದುರೆ ತನ್ನನ್ನು ಮಾತಾಡಿಸಲಿಲ್ಲವೆಂದು ಮುಖ ಊದಿಸಿಕೊಂಡರೆ ಯಾರು ತಾನೆ ನಗುವುದಿಲ್ಲ? ನಿನ್ನೆಯೂ ಅತ್ತಿಗೆ ಬಂದಾಗ ದೊರೆಸಾನಿ ಕೆನೆದಿತ್ತು. ಎಂದಿಗಿಂತ ತುಸು ಉದ್ದಕ್ಕೇ ಕೆನೆದಿತ್ತು.

ನಿನ್ನೆ ಸಂಜೆ ಊಟದ ಮೇಜಿಗೆ ಅತ್ತಿಗೆ ಬಲಗೈಗೆ ಬಿಳಿ ಕಟ್ಟು ಹಾಕಿಸಿಕೊಂಡು ಬಂದು ಕೂತರು. ಆ ಕೈ ಕೂಡಿಕೊಳ್ಳುವವರೆಗೆ ದವಾಖಾನೆಯ ಕುರ್ಚಿ ಖಾಲಿ. ಅಣ್ಣ ಕೂಗಾಡುವವನಲ್ಲ, ನಿಧಾನವಾಗಿ ತೀರ್ಮಾನ ಹೇಳುವವನು, ಅದಕ್ಕೇ ಅವನ ತೀರ್ಮಾನ ಗಟ್ಟಿ. ಬೀಳಿಸೋ ಕುದುರೆ ನಮಗೆ ಬೇಡ ಅಂದ. ದೂರದ ಊರಿನ ಲಾಯದವರೊಬ್ಬರ ಹತ್ತಿರ ಮಾತಾಡಿಯೂ ಆಗಿತ್ತು. ನಾಳೆ ಮಧ್ಯಾಹ್ನ ಗಾಡಿ ತಂದು ಒಯ್ಯುತ್ತಾರೆ. ಅಲ್ಲಿ ಹೊಟ್ಟೆ ಉಬ್ಬಿಸಿಕೊಳ್ಳುವ ಮುದಿ ಕುದುರೆಗೆ ಏನು ಗತಿಯೋ ಯಾರಿಗೆ ಗೊತ್ತು. ಕುದುರೆ ಒದೆಯೋದು ಅದರ ಗುಣ, ಅದನ್ನ ಬೈದು ಫಲವಿಲ್ಲ, ಆದರೆ ಹತ್ತಿರ ನಿಂತವರು ನೋಡಿಕೋಬೇಕು ಅಂತಲೂ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವಳು ನೀರಿನ ಲೋಟ ಕೆಡವಿದಳು. ಒರೆಸುತ್ತಾ ಒರೆಸುತ್ತಾ ಈಗ ಹೇಳಿಬಿಡಬೇಕು, ಈಗ, ಮೇಜು ಒಣಗುವುದರೊಳಗೆ, ಅಂದುಕೊಂಡಳು. ಮೇಜು ಒಣಗಿತು. ಅತ್ತಿಗೆ ಎಡಗೈಯಲ್ಲಿ ಚಮಚ ಹಿಡಿದು ಒಂದೇ ಸಮ ತಟ್ಟೆ ನೋಡುತ್ತಿದ್ದರು, ಅವರೂ ತುಟಿಪಿಟಕ್ಕೆನ್ನಲಿಲ್ಲ.

ಒಣಹುಲ್ಲು ಹರಡಿ ಮುಗಿದ ಮೇಲೆ ಗೊರಸು ನೋಡೋಣವೆಂದರೆ ಕೆರೆಯುವ ಕೊಕ್ಕೆ ಸಿಗಲಿಲ್ಲ. ಅತ್ತಿಗೆಯ ಚೀಲ ನಿನ್ನೆಯ ಗಡಿಬಿಡಿಯಲ್ಲಿ ಗೋಡೆಯ ಮೊಳೆಯಲ್ಲೇ ಉಳಿದಿತ್ತು. ಅದರಲ್ಲೊಂದು ಕೊಕ್ಕೆ ಇರುತ್ತದೆ. ಅವಳು ಹೋಗಿ ಜಿಪ್ಪು ಎಳೆದಳು. ಬೆನ್ನ ಹಿಂದೆ ದೊರೆಸಾನಿ ಕೆನೆಯಿತು, ಗಂಟಲೊಳಗೇ, ಮೆಲ್ಲಗೆ. ಅತ್ತಿಗೆ ಬಂದರೆಂದು ಅವಳು ಗಾಬರಿಯಿಂದ ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ದೊರೆಸಾನಿ ಕಿವಿ ಮುಂದೆ ಮಾಡಿ ಚೀಲವನ್ನೇ ನೋಡುತ್ತಿತ್ತು. ಅವಳು ಜಿಪ್ಪು ಮುಚ್ಚಿದಳು, ಸುಮ್ಮನಾಯಿತು. ಎಳೆದಳು, ಕೆನೆಯಿತು. ಒಳಗೆ ಕ್ಯಾರೆಟ್ ತುಂಡುಗಳ ಡಬ್ಬಿಯಿತ್ತು, ಮುಚ್ಚಳ ಅರ್ಧ ತೆರೆದೇ ಇತ್ತು. ದಿನವೂ ಅತ್ತಿಗೆ ಬಾಗಿಲಿಗೆ ಬರುತ್ತಲೇ ಎಳೆಯುತ್ತಿದ್ದದ್ದು ಇದೇ ಜಿಪ್ಪನ್ನು. ತನ್ನ ಚೀಲ ತಂದು ಅದರ ಗುಂಡಿ ಬಿಚ್ಚಿ ನೋಡಿದಳು. ದೊರೆಸಾನಿ ಸೊಂಟ ತಿರುಗಿಸಿತು. ಮತ್ತೆ ಅತ್ತಿಗೆಯ ಜಿಪ್ಪು ಎಳೆದಳು, ಮತ್ತೆ ಅದೇ ಕೆನೆತ, ಅದೇ ಪ್ರೀತಿ, ಅದೇ ಆರ್ದ್ರ ಕಣ್ಣು. ಅವಳಿಗೆ ನಗು ಬಂತು, ಕೈಗಾಡಿಯ ಅಂಚಿನ ಮೇಲೆ ಕೂತು ಗಟ್ಟಿಯಾಗಿಯೇ ನಕ್ಕಳು, ನಗುತ್ತಾ ನಗುತ್ತಾ ಥಟ್ಟನೆ ನಿಲ್ಲಿಸಿದಳು. ಒಂದು ಜಿಪ್ಪಿನ ಮೇಲಿನ ಹೊಟ್ಟೆಕಿಚ್ಚಿಗೆ ಅವಳು ಒಬ್ಬರ ಕೈ ಮುರಿಸಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅದೂ ಎಂಥವರ ಕೈ. ಅತ್ತಿಗೆಗೂ ಅವಳಿಗೂ ನಡುವೆ ಅಂಥ ಕೊಳ್ಳಿ ಇಡುವಂಥದ್ದೇನೂ ಇರಲಿಲ್ಲ. ಸವಾರಿ ಕಲಿಯುವಾಗ ಇಬ್ಬರೂ ಒಟ್ಟಿಗೇ ಕುಂಡೆ ನೋಯಿಸಿಕೊಂಡವರು, ಒಂದೇ ಮುಲಾಮು ಹಂಚಿಕೊಂಡವರು. ಒಂದು ವಾರ ಇಬ್ಬರೂ ಮೆಟ್ಟಿಲು ಇಳಿಯುವುದು ನೋಡಿ ಅಣ್ಣ ಬಾಗಿಲು ಮುಚ್ಚಿಕೊಂಡು ನಕ್ಕಿದ್ದ. ದೊರೆಸಾನಿ ಅತ್ತಿಗೆಯ ಹುಲ್ಲಿನ ಟೋಪಿ ತಿಂದಾಗ ಉಳಿದ ಅಂಚನ್ನೇ ಅತ್ತಿಗೆ ಬಳೆಯ ಹಾಗೆ ತೊಟ್ಟುಕೊಂಡು ಮನೆಗೆ ಬಂದಿದ್ದರು. ಕಾಲುವೆಯ ದಾರಿಯಲ್ಲಿ ಅವಳಿಗೆ ಮೊದಲ ಸಲ ದುಲ್ಕಿಯ ತಾಳ ಸಿಕ್ಕಿದ ದಿನ ಅತ್ತಿಗೆ ಪಕ್ಕದಲ್ಲೇ ಕೆಸರಲ್ಲಿ ಓಡುತ್ತಾ ಏಳು, ಕೂರು, ಏಳು, ಕೂರು ಅನ್ನುತ್ತಿದ್ದರು. ಒಂದು ಗಳಿಗೆ ಏಳುವುದೂ ಕೂರುವುದೂ ಅವಳ ಕೈಯಲ್ಲಿರಲಿಲ್ಲ. ಕುದುರೆಯ ಬೆನ್ನು ತಾನೇ ಅವಳನ್ನು ಎತ್ತಿ ಇಳಿಸುತ್ತಿತ್ತು, ಮೈ ಹತ್ತಿಯ ಹಾಗೆ ಹಗುರವಾಗಿತ್ತು, ಕಾರಣವಿಲ್ಲದೆ ಕಣ್ಣಲ್ಲಿ ನೀರು ಬಂದಿತ್ತು. ಅತ್ತಿಗೆ ಒಂದು ಚಪ್ಪಲಿ ಕೆಸರಲ್ಲಿ ಕಳೆದುಕೊಂಡೂ ನಿಂತಿರಲಿಲ್ಲ. ಮತ್ತೆ, ಅವಳು ಹತ್ತುವ ದಿನ ಅತ್ತಿಗೆ ಎಲ್ಲೇ ಇರಲಿ, ಯಾರ ಜತೆ ಏನೇ ಮಾತಾಡುತ್ತಿರಲಿ, ಬಂದು ಹೇಳದೆ ಕೇಳದೆ ಪಟ್ಟಿಯಡಿ ಬೆರಳು ತೂರಿಸಿ ನೋಡಿ ಹೋಗುತ್ತಿದ್ದರು. ಅವಳು ಅದನ್ನು ಎಂದೂ ಗಮನಿಸಿದ್ದೇ ಇಲ್ಲ. ಈಗ ಕೈಗಾಡಿಯ ಮೇಲೆ ಕೂತಾಗ ಆ ಬೆರಳುಗಳು ಒಂದೊಂದಾಗಿ ಕಂಡವು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅಣ್ಣ ಆಫೀಸಿನ ಬೂಟಿನಲ್ಲೇ ಬಂದಿದ್ದ. ಬಂದವನು ಅವಳು ಇನ್ನೂ ಎತ್ತದ ಒಂದೇ ಒಂದು ಲದ್ದಿಯ ಮೇಲೆ ಕಾಲಿಟ್ಟ. ಒಯ್ಯುವ ಮೊದಲು ಒಂದು ಸಲ ನೋಡಿಬರುತ್ತೇನೆಂದು ನಿನ್ನ ಅತ್ತಿಗೆ ಹಠ ಹಿಡಿದಳು, ಅದಕ್ಕೇ ಕರೆದುಕೊಂಡು ಬಂದೆ ಎಂದು ಬೂಟು ಉಜ್ಜುತ್ತಾ ಹೇಳಿದ. ಅತ್ತಿಗೆ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತರು. ನಿಂತು ಕಾದರು. ದೊರೆಸಾನಿ ಒಮ್ಮೆ ತಲೆಯೆತ್ತಿ, ಖಾಲಿ ಕೈ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಅತ್ತಿಗೆಯ ಮುಖ ಸಣ್ಣದಾಯಿತು. ಹಲ್ಲು ಕೀಳಿಸಿಕೊಂಡ ಮಕ್ಕಳನ್ನು ನಗಿಸುವ ಆ ಮುಖ ಅಷ್ಟು ಸಣ್ಣದಾಗಬಹುದು ಅಂತ ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಹೆದರಿಬಿಟ್ಟಿದೆ, ಪಾಪ, ನನ್ನ ಕಂಡರೆ ಆಗ್ತಿಲ್ಲ ಅಂತ ಕಾಣತ್ತೆ ಎಂದು ಯಾರಿಗೂ ಅಲ್ಲದ ಹಾಗೆ ಅಂದರು. ಅವಳು ಅಲ್ಲೇ ಗೋಡೆಗೆ ಒರಗಿದಳು. ಕೈ ಬೆನ್ನ ಹಿಂದೆ ಹೋಯಿತು. ಮೊಳೆಯ ಚೀಲ ಸಿಕ್ಕಿತು. ಬೆರಳು ಜಿಪ್ಪನ್ನು ಹುಡುಕಿ ಉದ್ದಕ್ಕೆ ಎಳೆಯಿತು. ದೊರೆಸಾನಿ ತಲೆಯೆತ್ತಿ, ಕಿವಿ ಮುಂದೆ ಮಾಡಿ, ಕೆನೆಯಿತು. ಅತ್ತಿಗೆ ನಕ್ಕುಬಿಟ್ಟರು, ಎಡಗೈ ಚಾಚಿ ಹೋಗಿ ಅದರ ಹಣೆಗೆ ಹಣೆ ಹಚ್ಚಿದರು. ಅವಳಿಗೆ ಸಂಕಟದ ನಡುವೆಯೂ ಬಹಳ ಖುಷಿಯಾಯಿತು.

ಆ ಖುಷಿ ಇರುವಾಗಲೇ ಆಗಬೇಕಿತ್ತು. ಅದು ಇಳಿದರೆ ಮತ್ತೆ ಬೂಟು ಕೆರೆಯಲು ಬಗ್ಗುತ್ತಿದ್ದಳು. ಅಣ್ಣ ಗಡಿಯಾರ ನೋಡಿಕೊಳ್ಳುತ್ತಿದ್ದ. ಅವಳು ಅವನನ್ನೇ ನೋಡಿ ಹೇಳಿದಳು.

"ದೊರೆಸಾನಿ ಬೀಳಿಸಲಿಲ್ಲ ಅಣ್ಣ. ಪಟ್ಟಿ ಸಡಿಲ ಇತ್ತು. ನಾನು ನೋಡಿದೆ. ನೋಡಿಯೂ ಹೇಳಲಿಲ್ಲ."

ಅಣ್ಣ ಯಾಕೆ ಅಂತ ಕೇಳಲಿಲ್ಲ, ಕೇಳಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಅವಳನ್ನು ನೋಡಿದ. ಚಿಕ್ಕವಳಿದ್ದಾಗ ಅವಳು ಏನಾದರೂ ಒಡೆದುಹಾಕಿದರೆ ಅವನು ಹೀಗೇ ನೋಡುತ್ತಿದ್ದ, ಒಡೆದದ್ದನ್ನಲ್ಲ, ಅವಳನ್ನು. ಮಹಡಿಯ ಕೋಣೆ, ಕಿಟಕಿ, ಬೆಳಗಿನ ಕಾಫಿ, ಎಲ್ಲ ಒಂದು ಸಲ ಅವಳ ಕಣ್ಣ ಮುಂದೆ ಹಾದುಹೋದವು, ಗಂಟುಮೂಟೆ ಕಟ್ಟಿದ ಹಾಗೆ. ಯಾಕೆಂದು ಹೇಳಬೇಕೆಂದರೆ ಕೆನೆತದ ವಿಷಯ ಹೇಳಬೇಕು, ಕೆನೆತ ಹೇಳಿದರೆ ಜಿಪ್ಪು ಹೇಳಬೇಕು, ಜಿಪ್ಪು ಹೇಳಿದರೆ ಅತ್ತಿಗೆಯ ಮುಖ ಮತ್ತೆ ಸಣ್ಣದಾಗುತ್ತದೆ. ಹೊಟ್ಟೆಕಿಚ್ಚು ಅಂತಷ್ಟೇ ಅಂದಳು. ಆ ಪದ ಲಾಯದೊಳಗೆ ಬಹಳ ದೊಡ್ಡದಾಗಿ ಕೇಳಿಸಿತು.

ಅತ್ತಿಗೆ ಕುದುರೆಯ ಹಣೆಯಿಂದ ಹಣೆ ತೆಗೆಯದೆಯೇ ಮಾತಾಡಿದರು.

"ಸಡಿಲ ಇದ್ದದ್ದು ನನಗೂ ಗೊತ್ತಿತ್ತು ಕಣೇ. ಕೂತ ತಕ್ಷಣ ಜೀನು ಅಲ್ಲಾಡಿತು. ನಿನ್ನ ಮುಖ ನೋಡಿದೆ, ನೀನು ಬೂಟು ಕೆರೆಯೋಕೆ ಬಗ್ಗಿದೆ. ಆಗ ನನಗೂ ಹಠ ಬಂತು. ಇವಳು ಹೇಳೋವರೆಗೂ ನಾನು ಇಳಿಯಲ್ಲ ಅಂತ."

ಅವಳು ಅತ್ತಿಗೆಯನ್ನು ನೋಡಿದಳು, ಅತ್ತಿಗೆ ಅವಳನ್ನು ನೋಡಿದರು. ನಿನ್ನೆಯ ಆ ನೋಟದ ಬಾಕಿ ಅರ್ಧ ಈಗ ಮುಗಿಯಿತು. ಹಾಗಾದರೆ ಅಂಗಳದ ತಿರುವಿನವರೆಗೂ ಇಬ್ಬರೂ ಉಸಿರು ಬಿಗಿಹಿಡಿದೇ ಇದ್ದರು, ಒಬ್ಬರು ಮೇಲೆ, ಒಬ್ಬಳು ಕೆಳಗೆ, ನಡುವೆ ಉಸಿರು ಬಿಟ್ಟು ನಿರಾಳವಾಗಿದ್ದದ್ದು ಕುದುರೆ ಮಾತ್ರ. ಅಷ್ಟು ದಿನ ಅವಳ ಬಿಗುಮಾನ ಅತ್ತಿಗೆಗೆ ಕಾಣುತ್ತಲೇ ಇತ್ತೆಂದಾಯಿತು. ಅಣ್ಣ ಹೆಂಡತಿಯಿಂದ ತಂಗಿಗೆ, ತಂಗಿಯಿಂದ ಹೆಂಡತಿಗೆ ನೋಡಿದ. ಅವನ ಪಾಲಿನ ಕಿವಿಗೆ ಇವತ್ತು ಹೊರೆ ಜಾಸ್ತಿಯಾಗಿತ್ತು. ಕೊನೆಗೆ, ಈ ಲಾಯದಲ್ಲಿ ಬುದ್ಧಿ ಇರೋದು ಒಂದಕ್ಕೇ ಅಂತ ಕಾಣತ್ತೆ, ಅದನ್ನೇ ಕಳಿಸಿ ನಿಮ್ಮಿಬ್ಬರನ್ನ ಇಟ್ಟುಕೊಂಡು ಏನು ಮಾಡಲಿ ಅಂದ. ಫೋನು ತೆಗೆದು, ಗಾಡಿ ಬರೋದು ಬೇಡ ಅಂತ ಯಾರಿಗೋ ಹೇಳುತ್ತಾ, ಒಂದು ಬೂಟನ್ನು ಹುಲ್ಲಿಗೆ ಉಜ್ಜುತ್ತಾ ಕಾರಿನ ಕಡೆ ನಡೆದ.

ಇಬ್ಬರೇ ಉಳಿದರು. ಕ್ಷಮಿಸಿ ಅನ್ನೋಣವೆಂದರೆ ಆ ಮಾತು ಇಸ್ತ್ರಿ ಮಾಡಿದ ಬಟ್ಟೆಯಂತೆ, ಲಾಯಕ್ಕೆ ಹೊಂದುವುದಿಲ್ಲ. ಅತ್ತಿಗೆಯೇ, ನಾನಂತೂ ಸದ್ಯಕ್ಕೆ ಹತ್ತೋ ಹಾಗಿಲ್ಲ, ನಿಂತು ನಿಂತು ಇದಕ್ಕೆ ಕೊಬ್ಬು ಬರತ್ತೆ, ಜೀನು ತಾ ಅಂದರು. ಅವಳು ಜೀನು ತಂದು ಬೆನ್ನಿಗಿಟ್ಟಳು. ಪಟ್ಟಿಗೆ ಕೈ ಹಾಕುವಷ್ಟರಲ್ಲಿ ಅತ್ತಿಗೆ ಅವಳ ಕೈ ಸರಿಸಿ ತಾವೇ ಎಡಗೈಯಲ್ಲಿ ಜಗ್ಗಿದರು. ಎಡಗೈಯಲ್ಲೂ ಹಲ್ಲು ಕಿತ್ತವಳು ನಾನು ಅಂದರು. ದೊರೆಸಾನಿ ಹೊಟ್ಟೆ ಉಬ್ಬಿಸಿಕೊಂಡು ಮಹಾ ಸಾಧ್ವಿಯ ಹಾಗೆ ನಿಂತಿತು. ಅವಳು ಲಗಾಮು ಹಿಡಿದು ಹೊರಗೆ ತಂದು ಕಟ್ಟೆಗೆ ನಿಲ್ಲಿಸಿದಳು. ದಾರಿಯುದ್ದಕ್ಕೂ ದೊರೆಸಾನಿ ಆ ಉಸಿರನ್ನು ಬಿಡಲಿಲ್ಲ, ಇವತ್ತು ಅದಕ್ಕೂ ಏನೋ ಅನುಮಾನ. "ಹತ್ತು" ಅಂದರು ಅತ್ತಿಗೆ.

ಪಟ್ಟಿ ಬಿಗಿದದ್ದು ಗಾಳಿಗೆ ಅಂತ ಅವಳಿಗೆ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು. ಬಗ್ಗಿ ಬೆರಳು ತೂರಿಸಿ ನೋಡಬೇಕೆಂದು ಕೈ ಚಡಪಡಿಸಿತು. ನೋಡಲಿಲ್ಲ. ಹತ್ತಿ ಕೂತಳು. ಕೂತದ್ದೇ ದೊರೆಸಾನಿ ಪುಸ್ಸೆಂದಿತು, ಜೀನು ತೊಡೆಯಡಿಯಲ್ಲಿ ಸಣ್ಣಗೆ ಅಲ್ಲಾಡಿತು. ಮೇಲಿನಿಂದ ಅವಳು ಅತ್ತಿಗೆಯ ಮುಖ ನೋಡಿದಳು. ನಿನ್ನೆ ಅವರು ನೋಡಿದ ಜಾಗದಿಂದಲೇ ನೋಡುತ್ತಿದ್ದೇನೆ ಅನ್ನಿಸಿತು. ಇಳಿಯಲೇ? ಕೇಳಲೇ? ಅತ್ತಿಗೆ ಕಣ್ಣು ಕೆಳಗೆ ಮಾಡಿ, ನಿಧಾನವಾಗಿ ಬಗ್ಗಿ, ನೆಲದಿಂದ ಒಂದು ಕಡ್ಡಿ ಹೆಕ್ಕಿಕೊಂಡರು. ತಮ್ಮ ಬೂಟನ್ನೊಮ್ಮೆ ನೋಡಿದರು. ಅವಳು ಜೂಲು ಗಟ್ಟಿಯಾಗಿ ಹಿಡಿದುಕೊಂಡಳು, ಇಳಿಯಲಿಲ್ಲ, ಮಾತಾಡಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ಕಣ್ಣು ಮುಚ್ಚಿದಳು.

"ಕಾಲು ಮುಂದೆ ತಗೋ," ಅಂದರು ಅತ್ತಿಗೆ.

ಕಡ್ಡಿ ಕೆಳಗೆ ಬಿದ್ದಿತ್ತು. ಅತ್ತಿಗೆ ತಲೆಯಿಂದ ಜೀನಿನ ಅಂಚನ್ನು ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಪಟ್ಟಿಯನ್ನು ಜಗ್ಗಿ ಇನ್ನೊಂದು ತೂತಿಗೆ ಏರಿಸಿದರು, ಸಾಲದೆ ಮತ್ತೊಂದಕ್ಕೆ ಏರಿಸಿದರು. ಆಮೇಲೆ ಎಂದಿನಂತೆ ಬೆರಳು ತೂರಿಸಿ ನೋಡಿದರು. ಅವಳ ಮೊಣಕಾಲಿನ ಮೇಲೆ ಕೂದಲು ಕೆದರಿದ ಅವರ ತಲೆ ಒಂದು ಗಳಿಗೆ ಒರಗಿತ್ತು.

"ಉಸಿರು ಬಿಡೇ," ಅಂದರು, "ಬಿಗಿ ಆಯ್ತು."

ಅವಳು ಬಿಟ್ಟಳು. ದೊರೆಸಾನಿ ಕಿವಿಯೊಂದನ್ನು ಹಿಂದಕ್ಕೆ ತಿರುಗಿಸಿ ಕೇಳಿಸಿಕೊಂಡು, ಯಾರೂ ಹೇಳದೆಯೇ ಅಂಗಳದ ಕಡೆ ನಡೆಯತೊಡಗಿತು.